ಜೀಪಿನ ಮೂತಿಗೆ ಕಟ್ಟಿದ ವಿಂಚು: ನಾಲ್ಕು ಬೇಸಿಗೆ ನಾಟ ಎಳೆಸಿದ ಮೇಲೆ

ಸಕಲೇಶಪುರದ ಕಡೆ ನಮ್ಮದು ಇಳಿಜಾರಿನ ಕಾಫಿ ತೋಟ. ನೆರಳಿಗೂ ಆಯ್ತು, ಮೆಣಸು ಹಬ್ಬಿಸೋಕೂ ಆಯ್ತು ಅಂತ ಅಪ್ಪ ನೆಟ್ಟ ಸಿಲ್ವರ್ ಓಕ್ ಮರಗಳೇ ಜಾಸ್ತಿ. ಪ್ರತಿ ಬೇಸಿಗೆ ಹದಿನೈದಿಪ್ಪತ್ತು ಮರ ತೆಗೆಸುತ್ತೇವೆ. ಕಡಿಸೋದು ಸುಲಭ. ಹಳ್ಳದ ಬದಿಯಿಂದ ನಾಟವನ್ನು ಮೇಲಿನ ರಸ್ತೆಗೆ ತರೋದೇ ತಲೆನೋವು. ಮೊದಲೆಲ್ಲ ಎಂಟು ಜನ ಹಾರೆ ಹಾಕಿ ಉರುಳಿಸುತ್ತಿದ್ದರು. ಈಗ ಎಂಟು ಜನ ಎಲ್ಲಿ ಸಿಗ್ತಾರೆ? ಅದಕ್ಕೇ 2021ರಲ್ಲಿ ನಮ್ಮ ಹಳೇ ಮಹೀಂದ್ರಾ ಎಂಎಂ 540 ಜೀಪಿನ ಮುಂದೆ 12 ವೋಲ್ಟಿನ, 9500 ಪೌಂಡಿನ ಎಲೆಕ್ಟ್ರಿಕ್ ವಿಂಚ್ ಕೂರಿಸಿದೆ. ಅಂದರೆ ಬ್ಯಾಟರಿಯ ಕರೆಂಟಿನಲ್ಲಿ ಡ್ರಮ್ ತಿರುಗಿಸಿ, ಅದಕ್ಕೆ ಹಗ್ಗ ಸುತ್ತಿಕೊಳ್ಳುತ್ತಾ ಭಾರ ಎಳೆಯೋ ಮೆಷಿನ್ನು.

ಪೆಟ್ಟಿಗೆ ಮೇಲಿನ ಆ 9500 ಅನ್ನೋದನ್ನ ಪೂರ್ತಿ ನಂಬಬೇಡಿ. ಅಂದರೆ 4300 ಕಿಲೋ, ಸರಿ. ಆದರೆ ಅದು ಡ್ರಮ್ಮಿನ ಮೇಲೆ ಒಂದೇ ಸುತ್ತಿನ ಪದರ ಉಳಿದಾಗ ಸಿಗೋ ಬಲ. ಹಗ್ಗ ಪದರದ ಮೇಲೆ ಪದರ ಸುತ್ತಿಕೊಂಡ ಹಾಗೆ ಬಲ ಇಳಿಯುತ್ತಾ ಹೋಗಿ, ಡ್ರಮ್ ತುಂಬುವಾಗ ಮೂರು ಟನ್ನಿನ ಆಸುಪಾಸಿಗೆ ಬರುತ್ತದೆ. ಹಾಗಾಗಿ ನಾಟದ ಹತ್ತಿರ ಹೋಗಿ ನಿಂತು ಎಳೆಯೋದಕ್ಕಿಂತ ದೂರ ನಿಂತು ಎಳೆದರೇ ಒಳ್ಳೆಯದು. ಇದು ನನಗೆ ತಲೆಗೆ ಹತ್ತಲು ಒಂದು ಬೇಸಿಗೆ ಬೇಕಾಯಿತು.

ಹಸಿ ಸಿಲ್ವರ್, 5 ಅಡಿ ಸುತ್ತಳತೆ, 10 ಅಡಿ ಉದ್ದದ ತುಂಡು ಅಂದರೆ ಹತ್ತಿರ ಹತ್ತಿರ ಅರ್ಧ ಟನ್ನು. ಅಷ್ಟೇ ತಾನೇ ಅನ್ನಿಸುತ್ತೆ. ಆದರೆ ಅದರ ಮೂತಿ ಒಂದು ಬೇರಿಗೋ ಧರೆಗೋ ಕಚ್ಚಿಕೊಳ್ಳಲಿ, ಆಮೇಲೆ ನೋಡಿ. ಮೊದಲ ದಿನ ನಾಟ ಅಲ್ಲೇ ಇತ್ತು, ಜೀಪೇ ನಾಟದ ಕಡೆ ಜಾರಿಕೊಂಡು ಹೊರಟಿತ್ತು! ಈಗ ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ಜೀಪಿನ ಹಿಂಬದಿಯನ್ನು ಮರಕ್ಕೆ ಕಟ್ಟುತ್ತೇವೆ. ನಾಟದ ಮೂತಿಯನ್ನು ಗರಗಸದ ಮೆಷಿನ್ನಿನಲ್ಲಿ ಪೆನ್ಸಿಲ್ ತರಹ ಚೂಪು ಮಾಡುತ್ತೇವೆ. ಐದು ನಿಮಿಷದ ಕೆಲಸ, ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ನನ್ನ ಕೇಳಿದರೆ ವಿಂಚಿಗಿಂತ ದೊಡ್ಡ ಮೆಷಿನ್ನು ಸ್ನ್ಯಾಚ್ ಬ್ಲಾಕ್. ಬರೀ ಒಂದು ರಾಟೆ. ಅದನ್ನು ನಾಟಕ್ಕೆ ಸಿಕ್ಕಿಸಿ ಹಗ್ಗವನ್ನು ಜೀಪಿಗೇ ವಾಪಸ್ ತಂದರೆ ಬಲ ಹತ್ತಿರ ಹತ್ತಿರ ಎರಡರಷ್ಟು, ವೇಗ ಅರ್ಧ. ಮೋಟಾರೂ ಬ್ಯಾಟರಿಯೂ ಒದ್ದಾಡುವುದಿಲ್ಲ. ಪೂರ್ತಿ ಲೋಡಿನಲ್ಲಿ ಈ ಮೋಟಾರು 400 ಆಂಪಿಯರ್ ದಾಟಿ ಕುಡಿಯುತ್ತದೆ, ಬ್ಯಾಟರಿ ಚಾರ್ಜ್ ಮಾಡೋ ಜೀಪಿನ ಆಲ್ಟರ್ನೇಟರ್ ಎಲ್ಲಿಗೆ ಸಾಕಾಗುತ್ತೆ? ಎಂಜಿನ್ ಓಡುತ್ತಿರಲಿ, ಒಂದು ನಿಮಿಷ ಎಳೆಸಿ, ಮೋಟಾರಿನ ಮೇಲೆ ಕೈಯಿಡಿ. ಇಡಲಾಗದಿದ್ದರೆ ಎಲೆಅಡಿಕೆ ಹಾಕಿಕೊಂಡು ಕೂರಿ. ಇದು ಕಲಿಯೋ ಮೊದಲು ಒಂದು ಬ್ಯಾಟರಿ ಸುಮ್ನೆ ಹಾಳು ಮಾಡಿಕೊಂಡೆ.

ಈಗ ದೂರು. ಎರಡನೇ ಮಳೆಗಾಲ ಕಳೆದ ಮೇಲೆ ಒಂದು ದಿನ ರಿಮೋಟಿನ ಗುಂಡಿ ಬಿಟ್ಟೆ, ವಿಂಚು ನಿಲ್ಲಲಿಲ್ಲ. ಕಂಟ್ರೋಲ್ ಬಾಕ್ಸಿಗೆ ನೀರಿಳಿದು ಒಳಗಿನ ಕಾಂಟ್ಯಾಕ್ಟ್ ಅಂಟಿಕೊಂಡಿತ್ತು. ಎಳೆತದಲ್ಲಿರೋವಾಗ ಡ್ರಮ್ಮನ್ನು ಮೋಟಾರಿನಿಂದ ಬಿಡಿಸೋ ಕ್ಲಚ್ ಲಿವರ್ ಜಪ್ಪಯ್ಯ ಅಂದರೂ ತಿರುಗುವುದಿಲ್ಲ. ಬಾನೆಟ್ ಎತ್ತಿ, ಸ್ಪ್ಯಾನರ್ ಹುಡುಕಿ, ಬ್ಯಾಟರಿ ವೈರು ಬಿಚ್ಚುವಷ್ಟರಲ್ಲಿ ನಾಟ ಬಂದು ಬಂಪರಿಗೆ ಗುದ್ದಿತ್ತು. ನಾನು ಮಧ್ಯೆ ಇರಲಿಲ್ಲ, ಪುಣ್ಯ. ಮಾರಿದವರು ‘ನೀರು ಹೋದರೆ ವಾರಂಟಿ ಇಲ್ಲ’ ಅಂದರು. ಜೀಪಿನ ಮುಂದೆ ಕೂರೋ ಸಾಮಾನಿಗೆ ನೀರು ತಾಗಬಾರದಂತೆ, ಮಲೆನಾಡಿನಲ್ಲಿ! ಮಾರನೇ ದಿನವೇ ಕೈಗೆಟುಕುವಲ್ಲಿ ಬ್ಯಾಟರಿ ಕಟಾಫ್ ಸ್ವಿಚ್ ಹಾಕಿಸಿದೆ. ನೀವು ವಿಂಚಿನ ಜೊತೆಗೇ ಹಾಕಿಸಿ.

ಜೊತೆಗೆ ಬಂದ ಉಕ್ಕಿನ ಹಗ್ಗ ಮೂರು ಬೇಸಿಗೆ ಬಂತು. ಆಮೇಲೆ ಎಳೆ ಬಿಟ್ಟು ಮುಳ್ಳೆದ್ದು ಕೈಗವಸನ್ನೂ ಹರಿಯತೊಡಗಿತು. ತುಂಡಾದರೆ ಹಾವಿನ ಹಾಗೆ ಹಿಂದಕ್ಕೆ ಬೀಸುತ್ತದೆ. ಅದಕ್ಕೆ ಎಳೆಯುವಾಗ ಮಧ್ಯಕ್ಕೆ ಮಣ್ಣು ತುಂಬಿದ ಗೋಣಿಚೀಲ ಹೇರಬೇಕು, ಯಾರೂ ದಾಟಬಾರದು. ಈಗ ಸಿಂಥೆಟಿಕ್ ಹಗ್ಗ ಹಾಕಿದ್ದೇನೆ. ಹಗುರ, ಆದರೆ ಕಲ್ಲಿಗೆ ಉಜ್ಜಿದರೆ ಸವೆಯುತ್ತೆ, ಬಿಸಿಲಿನಲ್ಲಿ ಬಿಟ್ಟರೂ ಹಾಳು.

ಮರದ ಗುತ್ತಿಗೆ ಮಾಡುವವರು ಇದನ್ನು ಕೊಳ್ಳಬೇಡಿ, ಟ್ರ್ಯಾಕ್ಟರ್ ಎಂಜಿನ್ನಿನ ಬಲದಿಂದಲೇ ತಿರುಗೋ ಪಿಟಿಒ ವಿಂಚೇ ಸರಿ. ವರ್ಷಕ್ಕೆ ಹತ್ತಿಪ್ಪತ್ತು ಮರದ ತೋಟಕ್ಕೆ ಧೈರ್ಯವಾಗಿ ತಗೊಳ್ಳಿ. ಇಬ್ಬರು ಸೇರಿ ದಿನಕ್ಕೆ ಏಳೆಂಟು ನಾಟ ಮೇಲಕ್ಕೆ ತರುತ್ತೇವೆ, ಕಾಫಿ ಗಿಡವೂ ಮೊದಲಿನಷ್ಟು ಮುರಿಯುತ್ತಿಲ್ಲ.

ಒಂದೇ ತಾಪತ್ರಯ. ರಾಟೆ ಕಟ್ಟಿ ದಿಕ್ಕು ತಿರುಗಿಸಲು ದಪ್ಪ ಮರ ಬೇಕು. ನಮ್ಮಲ್ಲಿ ದಪ್ಪ ಮರಕ್ಕೆಲ್ಲ ಮೆಣಸಿನ ಬಳ್ಳಿ. ಪಟ್ಟಿ ಬಿಗಿದರೆ ಬಳ್ಳಿ ಜಜ್ಜಿ ಹೋಗುತ್ತದೆ. ಕೊನೆಗೆ ದಾರಿಯುದ್ದಕ್ಕೂ ಆರು ಮರದ ಬಳ್ಳಿ ತೆಗೆಸಿದೆ. ಆಳುಗಳು ಅವನ್ನು ವಿಂಚಿನ ಮರ ಅಂತಲೇ ಕರೆಯುತ್ತಾರೆ. ಅಮ್ಮ ಮಾತ್ರ ಪ್ರತಿ ಕೊಯ್ಲಿಗೂ ಆ ಆರು ಮರದ ಮೆಣಸಿನ ಲೆಕ್ಕ ಹಾಕಿ, ‘ಇದನ್ನೂ ವಿಂಚಿನ ರೇಟಿಗೆ ಸೇರಿಸ್ಕೋ’ ಅನ್ನುತ್ತಾರೆ.