ಆಟಿಸಂ ಇರುವ ದೊಡ್ಡವರಿಗೆ ಆನ್‌ಲೈನ್‌ನಲ್ಲಿ ಸಿಗುವ ನೆರವು: ಕೆಲವು ವರ್ಷ ಬಳಸಿದ ಮೇಲೆ ನನ್ನ ವಿಮರ್ಶೆ

ಆಟಿಸಂ ಅಂತ ಹುಡುಕಿದರೆ ನಮ್ಮಲ್ಲಿ ಸಿಗುವುದೆಲ್ಲ ಮಕ್ಕಳ ವಿಷಯ. ಸ್ಪೀಚ್ ಥೆರಪಿ, ಶಾಲೆ, ತಂದೆತಾಯಿಗೆ ಸಲಹೆ. ಹದಿನೆಂಟು ದಾಟಿದವರು ಎಲ್ಲಿ ಹೋಗುತ್ತಾರೋ ಯಾರಿಗೂ ಗೊತ್ತಿಲ್ಲ ಅನ್ನುವ ಹಾಗಿದೆ. ನನಗೆ ಆಟಿಸಂ ಇದೆ ಅಂತ ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ. ಆಗಿನಿಂದ ಸಿಕ್ಕಿದ್ದನ್ನೆಲ್ಲ ಬಳಸಿ ನೋಡಿದ್ದೇನೆ. ಗುಂಪುಗಳು, ಟೆಸ್ಟುಗಳು, ಕೈಪಿಡಿಗಳು, ವಿಡಿಯೋಗಳು. ಇವತ್ತಿಗೂ ಕೈಬಿಡದೆ ಉಳಿಸಿಕೊಂಡಿರುವುದು ಸ್ವಲ್ಪ ಮಾತ್ರ. ಅದರ ಬಗ್ಗೆ ವಿವರವಾಗಿ ಬರೆಯುತ್ತೇನೆ.

ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಆಸ್ಪೈರ್ ಅನ್ನುವ ತಂಡದ ಆರೋಗ್ಯ ಟೂಲ್‌ಕಿಟ್. ಈ ತಂಡ 2006ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಕ್ರಿಸ್ಟಿನಾ ನಿಕೊಲೈಡಿಸ್ ಅನ್ನುವ ವೈದ್ಯೆ ಮತ್ತು ಡೋರಾ ರೇಮೇಕರ್ ಅನ್ನುವ ಆಟಿಸ್ಟಿಕ್ ಸಂಶೋಧಕರು ಸೇರಿ ಕಟ್ಟಿದ್ದು. ಡಾಕ್ಟರುಗಳೂ ಆಟಿಸ್ಟಿಕ್ ಜನರೂ ಒಟ್ಟಿಗೆ ಕೂತು ಮಾಡಿದ್ದಾರೆ ಅನ್ನುವುದು ಬಳಸಿದಾಗ ತಾನಾಗಿಯೇ ಗೊತ್ತಾಗುತ್ತದೆ. ಅದರಲ್ಲಿ ಒಂದು ಫಾರ್ಮ್ ಇದೆ. ನೀವು ಹೇಗೆ ಮಾತಾಡುತ್ತೀರಿ, ಉತ್ತರ ಕೊಡಲು ಸಮಯ ಬೇಕಾ, ಬೆಳಕು, ಸದ್ದು, ವಾಸನೆ, ಸ್ಪರ್ಶ ಇವುಗಳಲ್ಲಿ ಯಾವುದು ತಡೆಯಲಾಗುವುದಿಲ್ಲ, ನೋವನ್ನು ವಿವರಿಸಲು ಕಷ್ಟವಾ, ಹೀಗೆ ಒಂದೊಂದಾಗಿ ಕೇಳುತ್ತಾ ಹೋಗುತ್ತದೆ. ನೀವು ಟಿಕ್ ಮಾಡುತ್ತಾ ಹೋಗಬೇಕು, ಬೇಕಿದ್ದರೆ ನಿಮ್ಮ ಮಾತಿನಲ್ಲೂ ಬರೆಯಬಹುದು. ಕೊನೆಯಲ್ಲಿ ಡಾಕ್ಟರಿಗೆ ಕೊಡಬಹುದಾದ ಒಂದು ವರದಿ ತಯಾರಾಗುತ್ತದೆ. ಇದರ ಜೊತೆಗೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗ ಏನು ಹೇಳಬೇಕು, ಹೋಗುವಾಗ ಏನೇನು ಒಯ್ಯಬೇಕು, ಬಂದ ಮೇಲೆ ಏನು ಮಾಡಬೇಕು ಅಂತ ತುಂಬಿಸುವ ಹಾಳೆಗಳೂ ಇವೆ.

ಆ ವರದಿಯನ್ನು ಹಾಗೆಯೇ ತೆಗೆದುಕೊಂಡು ಹೋದರೆ ಇಲ್ಲಿ ಕೆಲಸ ಆಗುವುದಿಲ್ಲ. ಉದ್ದ ಜಾಸ್ತಿ. ಹೊರಗೆ ಐವತ್ತು ಜನ ಕಾಯುತ್ತಿರುವ ಡಾಕ್ಟರಿಗೆ ಅಷ್ಟು ಓದಲು ಪುರಸೊತ್ತು ಎಲ್ಲಿರುತ್ತದೆ? ನಾನು ಅದನ್ನು ಒಂದೇ ಪುಟಕ್ಕೆ ಇಳಿಸಿ, ಒಂದು ಬದಿ ಇಂಗ್ಲಿಷ್, ಇನ್ನೊಂದು ಬದಿ ಕನ್ನಡ ಮಾಡಿಕೊಂಡೆ. ನರ್ಸ್, ಲ್ಯಾಬಿನವರು, ರಿಸೆಪ್ಷನಿಸ್ಟ್ ಓದುವುದು ಕನ್ನಡದ ಬದಿಯನ್ನೇ. ಅದು ಹೀಗಿದೆ:

"ನನಗೆ ಆಟಿಸಂ ಇದೆ. ನಿಮ್ಮ ಮಾತು ನನಗೆ ಅರ್ಥವಾಗುತ್ತದೆ. ಉತ್ತರ ಹೇಳಲು ಸ್ವಲ್ಪ ಹೊತ್ತು ಬೇಕು. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. ಮುಟ್ಟುವ ಮೊದಲು ಹೇಳಿ. ನೋವಿಗೆ ಹತ್ತರಲ್ಲಿ ಇಷ್ಟು ಅಂತ ಅಂಕ ಕೊಡಲು ನನಗೆ ಬರುವುದಿಲ್ಲ. ನೋವಿನಿಂದ ಯಾವ ಕೆಲಸ ಮಾಡಲಾಗುತ್ತಿಲ್ಲ ಅಂತ ಕೇಳಿದರೆ ಹೇಳುತ್ತೇನೆ. ಪ್ರಶ್ನೆಗಳನ್ನು ನನ್ನನ್ನೇ ಕೇಳಿ, ಜೊತೆಗೆ ಬಂದವರನ್ನಲ್ಲ."

ಕೊನೆಯ ಸಾಲು ಯಾಕೆ ಹಾಕಿದೆ ಅಂತ ಇಂಥ ಅನುಭವ ಇರುವವರಿಗೆ ಗೊತ್ತಿರುತ್ತದೆ. ಒಬ್ಬ ಡಾಕ್ಟರು ಕಾಗದವನ್ನು ಪಕ್ಕಕ್ಕಿಟ್ಟು ನನ್ನ ತಮ್ಮನ ಕಡೆ ತಿರುಗಿ "ಇವರಿಗೆ ಏನಾಗಿದೆ?" ಅಂತ ಕೇಳಿದರು. ನಾನು ಎದುರಿಗೇ ಕೂತಿದ್ದೆ. ಆದರೆ ಹಲ್ಲಿನ ಡಾಕ್ಟರು ಒಬ್ಬರು ಪೂರ್ತಿ ಓದಿದರು. ಮುಖದ ಮೇಲಿನ ದೀಪವನ್ನು ಬೇಕಾದಾಗ ಮಾತ್ರ ಹಾಕಿದರು. ಡ್ರಿಲ್ ಶುರು ಮಾಡುವ ಮೊದಲು ಕೈಯಲ್ಲಿ ಹಿಡಿದು ತೋರಿಸಿ, "ಈಗ ಐದು ಎಣಿಸುವಷ್ಟು ಹೊತ್ತು ಸದ್ದು ಬರುತ್ತದೆ, ಆಮೇಲೆ ನಿಲ್ಲಿಸುತ್ತೇನೆ" ಅಂದರು. ಹೇಳಿದ ಹಾಗೆ ನಿಲ್ಲಿಸಿದರು ಕೂಡ. ವರ್ಷಗಟ್ಟಲೆ ಮುಂದೂಡಿದ್ದ ಕೆಲಸ ಅವತ್ತು ಮುಗಿಯಿತು. ತುಂಬಾ ಸುಸ್ತಾದಾಗ, ಗದ್ದಲದಲ್ಲಿ, ಹೆದರಿಕೆಯಲ್ಲಿ ನನಗೆ ಮಾತು ಹೊರಡುವುದೇ ಇಲ್ಲ. ಆಗ ನನ್ನ ಪರವಾಗಿ ಮಾತಾಡುವುದು ಈ ಪುಟ. ಸೆಲ್ಫ್ ಅಡ್ವೊಕಸಿ, ಅಂದರೆ ನಮ್ಮ ಪರವಾಗಿ ನಾವೇ ಮಾತಾಡುವುದು, ನನ್ನ ಮಟ್ಟಿಗೆ ಮುಕ್ಕಾಲು ಪಾಲು ಇದೇ: ಮಾತು ಬರುವ ದಿನ ಬರೆದಿಟ್ಟು, ಬಾರದ ದಿನ ತೋರಿಸುವುದು. ವೇದಿಕೆ ಹತ್ತಿ ಭಾಷಣ ಮಾಡುವವರನ್ನು ಕಂಡರೆ ಗೌರವ ಇದೆ. ಆದರೆ ಅದು ಬರದಿದ್ದರೂ ನಡೆಯುತ್ತದೆ.

ಎರಡನೆಯದು ಆಟಿಸ್ಟಿಕ್ ಸೆಲ್ಫ್ ಅಡ್ವೊಕಸಿ ನೆಟ್‌ವರ್ಕ್‌ನ ಕೈಪಿಡಿಗಳು. ಎಲ್ಲರೂ ಚಿಕ್ಕದಾಗಿ ಅಸಾನ್ ಅನ್ನುತ್ತಾರೆ. ಇದೂ 2006ರದ್ದೇ, ಕಟ್ಟಿದವರೂ ನಡೆಸುವವರೂ ಆಟಿಸ್ಟಿಕ್ ಜನ. ಕೈಪಿಡಿಗಳು ಉಚಿತ, ಡೌನ್‌ಲೋಡ್ ಮಾಡಿಕೊಳ್ಳಬಹುದು. ನನಗೆ ಇಷ್ಟವಾದದ್ದು ಇವರ ಈಸಿ ರೀಡ್ ಆವೃತ್ತಿ. ಚಿಕ್ಕ ಚಿಕ್ಕ ವಾಕ್ಯ, ಪಕ್ಕದಲ್ಲೊಂದು ಚಿತ್ರ. ಕಷ್ಟದ ಪದ ಬಂದರೆ ಅದರ ಅರ್ಥ ಅಲ್ಲೇ. ಓದಲು ಕಷ್ಟಪಡುವವರಿಗೆ ಅಂತ ಮಾಡಿದ್ದು, ನಿಜ. ಆದರೆ ದಿನವಿಡೀ ಆಫೀಸಿನ ಟ್ಯೂಬ್‌ಲೈಟಿನ ಕೆಳಗೆ ಕೂತು ಮನೆಗೆ ಬಂದ ಮೇಲೆ ನನಗೂ ಅಷ್ಟೇ ಓದಲಾಗುವುದು. ನಮ್ಮಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರದು, ಚಿತ್ರ ತೋರಿಸುತ್ತಾ ಕನ್ನಡದಲ್ಲಿ ಹೇಳಿದರೆ ಅವರಿಗೂ ಅರ್ಥವಾಯಿತು.

ಅಲ್ಲೇ ಬಣ್ಣದ ಬ್ಯಾಡ್ಜ್‌ಗಳೂ ಸಿಗುತ್ತವೆ. ಹಸಿರು ಅಂದರೆ ಬಂದು ಮಾತಾಡಿಸಿ, ನಾನಾಗಿ ಶುರು ಮಾಡಲು ನನಗೆ ಕಷ್ಟ. ಹಳದಿ ಅಂದರೆ ಪರಿಚಯದವರು ಮಾತ್ರ. ಕೆಂಪು ಅಂದರೆ ಈಗ ಬೇಡ. 1996ರಲ್ಲಿ ಶುರುವಾದ ಆಟ್ರೀಟ್ ಅನ್ನುವ ಆಟಿಸ್ಟಿಕ್ ಜನರ ಶಿಬಿರಗಳಲ್ಲಿ ಬೆಳೆದ ಪದ್ಧತಿ ಇದು. ನಮ್ಮ ಮದುವೆ ಮನೆಯಲ್ಲಿ ಕೆಂಪು ಬ್ಯಾಡ್ಜ್ ಹಾಕಿಕೊಂಡು ಕೂತರೆ ಇನ್ನಷ್ಟು ಜನ ಬಂದು "ಇದೇನಮ್ಮ?" ಅಂತ ಕೇಳುತ್ತಾರೆ, ಅಲ್ವಾ. ಎಲ್ಲರಿಗೂ ಗೊತ್ತಿರುವ ಕಡೆ ಮಾತ್ರ ಇದು ನಡೆಯುತ್ತದೆ. ನಾನಿರುವ ಚಿಕ್ಕ ಚಾಟ್ ಗುಂಪಿನಲ್ಲಿ ಹೆಸರಿನ ಮುಂದೆ ಬಣ್ಣದ ಚುಕ್ಕಿ ಹಾಕಿಕೊಳ್ಳುತ್ತೇವೆ. ಕೆಂಪು ಇದ್ದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಯಾಕೆ ಉತ್ತರ ಕೊಡಲಿಲ್ಲ ಅಂತ ಕೇಳುವುದೂ ಇಲ್ಲ.

ಈ ಎರಡೂ ಕಡೆಯ ದೊಡ್ಡ ಕೊರತೆ ಅಂದರೆ ಕಾನೂನಿನ ಭಾಗ ಬಹುತೇಕ ಅಮೆರಿಕದ್ದು. ಮೆಡಿಕೇಡ್ ಅನ್ನುವ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ, ಅಲ್ಲಿನ 1990ರ ಅಂಗವೈಕಲ್ಯ ಕಾಯ್ದೆ, ಅವೆಲ್ಲ ನಮಗೆ ಬೇಡ. ಆ ಪುಟಗಳನ್ನು ಬಿಟ್ಟು, ಆ ಜಾಗದಲ್ಲಿ ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ಇಟ್ಟುಕೊಳ್ಳಿ. ಅದರ 21 ಬಗೆಯ ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ. ಸೆಕ್ಷನ್ 21ರ ಪ್ರಕಾರ ಪ್ರತಿ ಸಂಸ್ಥೆಯೂ, ಖಾಸಗಿಯಾದರೂ, ಸಮಾನ ಅವಕಾಶ ನೀತಿ ಪ್ರಕಟಿಸಬೇಕು. ನಾನು ಆಫೀಸಿನಲ್ಲಿ ಮೊದಲು ಕೇಳಿದ್ದು ಅದನ್ನೇ. ನೀತಿಯ ಪ್ರತಿ ಕೊಡಿ ಅಂತ ಮೇಲ್ ಹಾಕಿದೆ. ಆಮೇಲೆ ಹೆಡ್‌ಫೋನ್, ಗೋಡೆ ಪಕ್ಕದ ಜಾಗ, ಬಾಯಿಮಾತಿನ ಬದಲು ಬರವಣಿಗೆಯಲ್ಲಿ ಸೂಚನೆ, ಈ ಮೂರನ್ನು ಕೇಳಿದೆ. ಆಸ್ಪೈರ್ ಫಾರ್ಮಿನಲ್ಲಿ ಟಿಕ್ ಮಾಡಿದ್ದನ್ನೇ ಆಫೀಸಿಗೆ ಹೊಂದುವ ಹಾಗೆ ಬದಲಿಸಿಕೊಂಡಿದ್ದೆ. ಎರಡು ಸಿಕ್ಕವು. ಗೋಡೆ ಪಕ್ಕದ ಜಾಗ ಇನ್ನೂ ಸಿಕ್ಕಿಲ್ಲ.

ಪೂರ್ತಿ ಅಮೆರಿಕದ್ದಲ್ಲದ ಒಂದು ಕೈಪಿಡಿ ಅಸಾನ್ ಹತ್ತಿರ ಇದೆ. ನಿರ್ಧಾರ ತೆಗೆದುಕೊಳ್ಳುವ ಹಕ್ಕಿನ ಬಗ್ಗೆ, ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಇಟ್ಟುಕೊಂಡು ಬರೆದದ್ದು. ಭಾರತ ಆ ಒಡಂಬಡಿಕೆಯನ್ನು 2007ರಲ್ಲೇ ಒಪ್ಪಿದೆ. ಇದು ನಮಗೆ ತುಂಬಾ ಬೇಕಾದ ವಿಷಯ. ಯಾಕೆಂದರೆ ಇಲ್ಲಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಕೆಳಗೆ ಆಟಿಸಂ ಇರುವ ದೊಡ್ಡವರಿಗೂ ಗಾರ್ಡಿಯನ್, ಅಂದರೆ ಅವರ ಪರವಾಗಿ ನಿರ್ಧರಿಸುವವರನ್ನು, ನೇಮಿಸಬಹುದು. 2016ರ ಕಾಯ್ದೆಯ ಸೆಕ್ಷನ್ 14 ಸೀಮಿತ ಗಾರ್ಡಿಯನ್ ಅನ್ನುತ್ತದೆ, ಅಂದರೆ ಇಬ್ಬರೂ ಮಾತಾಡಿಕೊಂಡು ಒಟ್ಟಿಗೆ ನಿರ್ಧರಿಸುವುದು. ಈ ವ್ಯತ್ಯಾಸ ಎಷ್ಟು ಮನೆಗಳಲ್ಲಿ ಗೊತ್ತಿದೆ? ಬ್ಯಾಂಕ್ ಖಾತೆ, ಆಸ್ತಿ, ಮದುವೆ ಎಲ್ಲ ಇದರ ಮೇಲೆ ನಿಂತಿದೆ. ಸಹಾಯ ಬೇಕು ಅಂದ ಮಾತ್ರಕ್ಕೆ ನಿರ್ಧಾರ ಬೇರೆಯವರದ್ದು ಆಗಬೇಕಾಗಿಲ್ಲ. ಅದನ್ನು ಆ ಕೈಪಿಡಿ ಚಿತ್ರಗಳ ಸಮೇತ ಹೇಳುತ್ತದೆ. ಮನೆಯವರ ಜೊತೆ ಕೂತು ಓದಿ.

ಇನ್ನು ಗುಂಪುಗಳು. ರಾಂಗ್ ಪ್ಲಾನೆಟ್ ಅನ್ನುವ ಆಟಿಸ್ಟಿಕ್ ಜನರ ಆನ್‌ಲೈನ್ ಫೋರಂ 2004ರಿಂದ ಇದೆ. ನಾನು ಅಲ್ಲಿ ಬರೆಯುವುದು ಕಡಿಮೆ, ಹುಡುಕುವುದು ಜಾಸ್ತಿ. ಫೋನ್ ರಿಂಗಾದರೆ ಎತ್ತಲು ಯಾಕೆ ಆಗುವುದಿಲ್ಲ, ಬಟ್ಟೆಯ ಲೇಬಲ್ ಯಾಕೆ ಚುಚ್ಚುತ್ತದೆ, ಏನು ಹುಡುಕಿದರೂ ಯಾರೋ ಎಂದೋ ಅದನ್ನೇ ಕೇಳಿರುತ್ತಾರೆ, ಹತ್ತು ಜನ ಉತ್ತರ ಕೊಟ್ಟಿರುತ್ತಾರೆ. ದಿನದ ಒಡನಾಟಕ್ಕೆ ನನಗೆ ಒಗ್ಗಿದ್ದು ನಮ್ಮ ದೇಶದವರೇ ಇರುವ ಚಿಕ್ಕ ಗುಂಪು. ಕ್ಯಾಮೆರಾ ಬೇಡ, ಬರೆದರೆ ಸಾಕು, ಎರಡು ದಿನ ಬಿಟ್ಟು ಉತ್ತರಿಸಿದರೂ ನಡೆಯುತ್ತದೆ. ಜಾಯಿಂಟ್ ಫ್ಯಾಮಿಲಿಯಲ್ಲಿ ಬಾಗಿಲು ಹಾಕಿಕೊಂಡು ಒಂದು ಗಂಟೆ ಒಬ್ಬಳೇ ಇರುವುದು ಹೇಗೆ ಅಂತ ಅಮೆರಿಕದವರಿಗೆ ಕೇಳಿ ಪ್ರಯೋಜನ ಇಲ್ಲ. ಇಲ್ಲಿಯವರಿಗೆ ಕೇಳಿದರೆ "ತಲೆಸ್ನಾನ ಅಂತ ಹೇಳು" ಅನ್ನುತ್ತಾರೆ.

ಯುಡಿಐಡಿ ಕಾರ್ಡಿಗೆ, ಅಂದರೆ ಸರ್ಕಾರ ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿಗೆ, ಹೋಗುವ ಮೊದಲು ತಯಾರಿ ಮಾಡಿಸಿದ್ದೂ ಆ ಗುಂಪೇ. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಇಸಾ ಅನ್ನುವ, ಆಟಿಸಂ ಅಳೆಯುವ ಭಾರತದ ಮಾಪನ ಬಳಸುತ್ತಾರೆ. 40 ಅಂಶಗಳಿವೆ. ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರಾ, ಎದುರಿನವರಿಗೆ ನಗುತ್ತಾರಾ, ಹೀಗೆ ಶುರುವಾಗುತ್ತದೆ. ಚಿಕ್ಕಂದಿನಿಂದ ಬೈಸಿಕೊಂಡು ಬೈಸಿಕೊಂಡು ಕಣ್ಣು ನೋಡುವುದನ್ನು ಕಲಿತ ನನ್ನಂಥವಳ ಕಷ್ಟ ಅದರಲ್ಲಿ ಸುಲಭವಾಗಿ ಕಾಣುವುದಿಲ್ಲ. ಹಳೇ ಶಾಲೆಯ ವರದಿ ಒಯ್ಯಿ, ಮನೆಯವರನ್ನು ಕರೆದುಕೊಂಡು ಹೋಗು, ಪ್ರತಿಯೊಂದಕ್ಕೂ ಉದಾಹರಣೆ ಬರೆದಿಟ್ಟುಕೋ ಅಂತ ಹೇಳಿಕೊಟ್ಟರು. ಹಾಗೇ ಮಾಡಿದೆ.

ಎಚ್ಚರಿಕೆಯನ್ನೂ ಹೇಳಬೇಕು. ಮೊದಲು ಸೇರಿದ್ದ ಒಂದು ವಾಟ್ಸಾಪ್ ಗುಂಪು ಬಿಟ್ಟೆ. ಅಲ್ಲಿ ವಾರಕ್ಕೊಬ್ಬರು "ಆಟಿಸಂ ಗುಣಪಡಿಸುತ್ತೇವೆ" ಅಂತ ಬರುತ್ತಿದ್ದರು, ಸ್ಟೆಮ್ ಸೆಲ್ ಚಿಕಿತ್ಸೆಯ ಜಾಹೀರಾತು ಸಮೇತ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲೇ ಆಟಿಸಂಗೆ ಆ ಚಿಕಿತ್ಸೆ ಸಲ್ಲದು ಅಂತ ಹೇಳಿದೆ. ಆಟಿಸ್ಟಿಕ್ ಸದಸ್ಯರು ಅದನ್ನು ಹೇಳಿದರೆ ಅಡ್ಮಿನ್ ನಮಗೇ ಸುಮ್ಮನಿರಿ ಅಂದರು. ಗುಂಪಿಗೆ ಸೇರುವ ಮೊದಲು ಅಡ್ಮಿನ್ ಯಾರು, ಅವರಲ್ಲಿ ಆಟಿಸಂ ಇರುವವರು ಎಷ್ಟು ಜನ ಅಂತ ಕೇಳಿ. ಆಟಿಸಂ ಲಕ್ಷಣ ಇವೆಯಾ ಅಂತ ನಾವೇ ಉತ್ತರಿಸಿ ನೋಡುವ ಟೆಸ್ಟುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. 50 ಪ್ರಶ್ನೆಯ ಎಕ್ಯೂ, 80 ಪ್ರಶ್ನೆಯ ರಾಡ್ಸ್ ಎರಡನ್ನೂ ಮಾಡಿದೆ. ಡಾಕ್ಟರ ಹತ್ತಿರ ಹೋಗುವ ಧೈರ್ಯ ಬಂತು. ಅಷ್ಟಕ್ಕೆ ಸರಿ, ಅಂಕವೇ ರೋಗನಿರ್ಣಯ ಆಗುವುದಿಲ್ಲ.

ಅಂಕ ಕೊಡಬೇಕೆಂದರೆ ಆಸ್ಪೈರ್ ಟೂಲ್‌ಕಿಟ್‌ಗೆ ಐದಕ್ಕೆ ಐದು. ಅಸಾನ್ ಕೈಪಿಡಿಗಳಿಗೆ ನಾಲ್ಕು. ಒಂದು ಕಡಿಮೆಯಾಗಿದ್ದು ನಾವು ದೂರ ಇರುವುದರಿಂದ ಅಷ್ಟೇ. ಕನ್ನಡದಲ್ಲಿ ಸಿಗುವುದಕ್ಕೆ ಅಂಕ ಕೊಡಲು ಏನೂ ಸಿಕ್ಕಿಲ್ಲ ನನಗೆ. ಇಂಗ್ಲಿಷ್ ಬಾರದ, ಹಳ್ಳಿಯಲ್ಲಿರುವ, ಮಾತೇ ಆಡದ ಆಟಿಸ್ಟಿಕ್ ದೊಡ್ಡವರಿಗೆ ಈ ವಿಮರ್ಶೆಯ ಮುಕ್ಕಾಲು ಭಾಗ ಉಪಯೋಗವಿಲ್ಲ. ಅದು ನನ್ನನ್ನು ತುಂಬಾ ಕಾಡುತ್ತದೆ. ಮೇಲೆ ಹಾಕಿರುವ ಕನ್ನಡದ ಸಾಲುಗಳನ್ನು ಯಾರು ಬೇಕಾದರೂ ತೆಗೆದುಕೊಂಡು ಬದಲಿಸಿಕೊಳ್ಳಿ. ನೀವೂ ಇಂಥದ್ದು ಬರೆದುಕೊಂಡಿದ್ದರೆ ಹೆಸರು ತೆಗೆದು ಕೆಳಗೆ ಹಾಕಿ. ಬ್ಯಾಂಕಿನಲ್ಲಿ, ಬಸ್ ಕಂಡಕ್ಟರಿಗೆ, ಪೊಲೀಸರಿಗೆ ತೋರಿಸುವಂಥದ್ದು ನನ್ನ ಹತ್ತಿರ ಇನ್ನೂ ಇಲ್ಲ.