ಸ್ಕಾಟ್ಲೆಂಡ್‌ನ ಹಳೇ ಪಾರ್ಲಿಮೆಂಟ್ ದಾಖಲೆಗಳ ಆನ್‌ಲೈನ್ ಸರ್ವಿಸ್: ಬಳಸಿ ನೋಡಿ ಬರೀತಿದೀನಿ

ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಬಗ್ಗೆ ಓದ್ತಾ ಇದ್ದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಅವ್ರು ತಾಲೂಕುಗಳಿಂದ ಜಮೀನಿದ್ದೋರನ್ನೂ ವ್ಯಾಪಾರಸ್ಥರನ್ನೂ ದಸರಾ ಟೈಮಲ್ಲಿ ಕರೆಸಿದ್ರಲ್ಲ, ಹಂಗೇ ಬೇರೆ ದೇಶದಲ್ಲಿ ಹಳ್ಳಿ ಕಡೆ ಜಿಲ್ಲೆಗಳ ಪರವಾಗಿ ಯಾರು ಹೋಗ್ತಿದ್ರು ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದೇ ಇದು, ರೆಕಾರ್ಡ್ಸ್ ಆಫ್ ದಿ ಪಾರ್ಲಿಮೆಂಟ್ಸ್ ಆಫ್ ಸ್ಕಾಟ್ಲೆಂಡ್. ಸೇಂಟ್ ಆಂಡ್ರೂಸ್ ಯೂನಿವರ್ಸಿಟಿಯೋರು ಮಾಡಿದ್ದು, 1707ರವರೆಗಿನ ದಾಖಲೆ, ಒಂದು ರೂಪಾಯಿ ಕೊಡೋದು ಬೇಡ. ಹಳೇ ಬರಹದ ಜೊತೆಗೇ ಈಗಿನ ಇಂಗ್ಲಿಷ್ ಅನುವಾದಾನೂ ಇದೆ, ನನ್ನಂಥೋರಿಗೆ ಅದೇ ದೊಡ್ಡ ಉಪಕಾರ.

ನಾನು ಹಿಡ್ಕೊಂಡಿದ್ದು ಕಿನ್ರಾಸ್ ಅನ್ನೋ ಪುಟ್ಟ ಜಿಲ್ಲೆನ, ಮೇರಿ ರಾಣಿನ 1567ರಲ್ಲಿ ಕೂಡಿ ಹಾಕಿದ್ರಲ್ಲ, ಆ ಲಾಕ್ ಲೆವನ್ ಕೋಟೆ ಇರೋದು ಅಲ್ಲೇ. 1428ರ ಕಾಯ್ದೆ ತೆಗೆದು ನೋಡಿ, ಒಂದನೇ ಜೇಮ್ಸ್ ರಾಜ ಇಂಗ್ಲೆಂಡಲ್ಲಿ ವರ್ಷಗಟ್ಲೆ ಸೆರೆಯಲ್ಲಿದ್ದು ಬಂದೋನು, ಅಲ್ಲಿನ ಪದ್ಧತಿ ಕಂಡಿದ್ದ, ಸಣ್ಣ ಜಮೀನುದಾರರೆಲ್ಲಾ ಖುದ್ದು ಬರೋದು ಬೇಡ, ಪ್ರತಿ ಜಿಲ್ಲೆಯಿಂದ ಇಬ್ರೋ ಹೆಚ್ಚೋ ತಿಳಿದೋರನ್ನ ಆರಿಸಿ ಕಳ್ಸಿ, ಕ್ಲಾಕ್‌ಮ್ಯಾನನ್ ಅನ್ನೋ ಇನ್ನೊಂದು ಪುಟ್ಟ ಜಿಲ್ಲೆಗೂ ಕಿನ್ರಾಸ್‌ಗೂ ಒಬ್ಬೊಬ್ರೇ ಸಾಕು, ಖರ್ಚು ಜಿಲ್ಲೆಯೋರೇ ಕೊಡ್ಬೇಕು ಅಂತ. ಎಷ್ಟು ಚೆನ್ನಾಗಿದೆ! ಆದ್ರೆ ಅದು ನಡೀಲೇ ಇಲ್ಲ. 1587ರಲ್ಲಿ ಆರನೇ ಜೇಮ್ಸ್ ಮತ್ತೆ ಕಾಯ್ದೆ ಮಾಡ್ಬೇಕಾಯ್ತು, ಆಮೇಲೇ ಕಮಿಷನರ್ ಅನ್ನೋ ಹೆಸ್ರಲ್ಲಿ ಜಿಲ್ಲೆಗಳ ಪ್ರತಿನಿಧಿಗಳು ಬಂದು ಕೂತಿದ್ದು. ಮಧ್ಯೆ ಹೆಚ್ಚೂಕಮ್ಮಿ 160 ವರ್ಷ!

ಆದ್ರೆ ಓಟು ಯಾರಿಗೆ? ರಾಜನಿಂದ ನೇರವಾಗಿ ಬಂದ ಜಮೀನು ಇರ್ಬೇಕು, ಹಳೇ ಲೆಕ್ಕದಲ್ಲಿ 40 ಶಿಲ್ಲಿಂಗ್ ಬೆಲೆದು. ಉಳೋನಿಗಿಲ್ಲ. ನಮ್ಮ ತಾತ ದೊಡ್ಡಬಳ್ಳಾಪುರದ ಹತ್ರ ಇನ್ನೊಬ್ಬರ ಹೊಲ ಗೇಣಿಗೆ ಮಾಡ್ತಿದ್ರು, ಅಲ್ಲಿ ಹುಟ್ಟಿದ್ರೆ ಅವ್ರ ಹೆಸ್ರು ಯಾವ ಪಟ್ಟಿಗೂ ಬರ್ತಿರ್ಲಿಲ್ಲ. ಆ ಪುಟ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತ್ಬಿಟ್ಟೆ.

ಫೋನ್‌ಗಿಂತ ಲ್ಯಾಪ್‌ಟಾಪಲ್ಲಿ ಓದಿ, ಕಾಯ್ದೆಗಳು ಉದ್ದ. ನಾನು ಜಯನಗರದ ಒಂದು ಜೆರಾಕ್ಸ್ ಅಂಗಡೀಲಿ ಪ್ರಿಂಟ್ ಹಾಕಿಸ್ದೆ, ಬಲಗಡೆ ಅಂಚಿನ ಪದಗಳೆಲ್ಲಾ ಕಟ್ಟಾಗಿ ಬಂತು, ಪೆನ್ನಲ್ಲಿ ಕೂತು ಬರ್ಕೊಂಡೆ. ನೀವು ಒಂದು ಪೇಜ್ ಹಾಕಿಸಿ ನೋಡ್ಕೊಂಡು ಮುಂದಕ್ಕೆ ಹೋಗಿ.

ಇತಿಹಾಸ, ರಾಜ್ಯಶಾಸ್ತ್ರ ಓದೋ ಮಕ್ಕಳಿಗೆ ಖಂಡಿತ ತೋರಿಸಿ, ಐದಕ್ಕೆ ಐದು ಸ್ಟಾರ್. 1428, ಆಮೇಲೆ 1587, ಆಮೇಲೆ ಓಟು ಯಾರಿಗೆ ಅಂತ ಹೇಳೋ 1681ರ ಕಾಯ್ದೆ, ಈ ಕ್ರಮದಲ್ಲಿ ಓದಿದ್ರೆ ದಾರಿ ತಪ್ಪಲ್ಲ. 1707ರಲ್ಲಿ ಸ್ಕಾಟ್ಲೆಂಡ್ ಇಂಗ್ಲೆಂಡಿನ ಜೊತೆ ಸೇರಿ ಆ ಪಾರ್ಲಿಮೆಂಟೇ ಮುಗೀತು, ಲಂಡನ್ನಿನ ಪಾರ್ಲಿಮೆಂಟಿಗೆ ಹೋಗೋ 45 ಜನ್ರಲ್ಲಿ ಜಿಲ್ಲೆಗಳ ಪಾಲು 30, ಕಿನ್ರಾಸ್‌ಗೆ ಪೂರ್ತಿ ಒಂದು ಸೀಟೂ ಉಳೀಲಿಲ್ಲ, ಒಂದು ಪಾರ್ಲಿಮೆಂಟಿಗೆ ಕ್ಲಾಕ್‌ಮ್ಯಾನನ್‌ನೋರು ಹೋದ್ರೆ ಮುಂದಿನದಕ್ಕೆ ಇವ್ರು.