ಶಾಲೆಯ ಸುದ್ದಿ ಮನೆಗೆ: ವಾಟ್ಸಾಪ್ ಗುಂಪೋ, ಅಚ್ಚಾದ ಚೀಟಿಯೋ?

ನಾಳೆ ದಿಢೀರ್ ರಜೆ ಅಂದರೆ ಸುದ್ದಿ ಇವತ್ತು ಸಂಜೆಯೇ ಮುಟ್ಟಬೇಕು. ಅದಕ್ಕೆ ವಾಟ್ಸಾಪೇ ಸರಿ. ಒಂದು ಗುಂಪಿಗೆ 1024 ಜನರ ತನಕ ಸೇರಿಸಬಹುದು. ಆದರೆ ಎಲ್ಲರೂ ಬರೆಯತೊಡಗಿದರೆ ಶುಭೋದಯಗಳ ನಡುವೆ ಪರೀಕ್ಷೆಯ ದಿನಾಂಕ ಕಳೆದುಹೋಗುತ್ತದೆ. ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಸೆಟ್ಟಿಂಗ್ ಬದಲಿಸಿ. ಗುಂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ, ಇದನ್ನು ಪೋಷಕರಿಗೆ ಮೊದಲೇ ಹೇಳಬೇಕು ಅಲ್ವಾ?

ಚೀಟಿ ನಿಧಾನ. ಬ್ಯಾಗಿನ ತಳದಲ್ಲಿ ಮುದುಡಿ ಕೂರುವುದೂ ಉಂಟು. ಆದರೂ ಸ್ಮಾರ್ಟ್‌ಫೋನ್ ಇಲ್ಲದ ಮನೆಗೂ ಅದು ಹೋಗುತ್ತದೆ. ಸಹಿ ಹಾಕಿ ವಾಪಸ್ ಕಳಿಸಬಹುದು. ಮಗು ತಾನೇ ಅಜ್ಜಿಗೆ ಓದಿ ಹೇಳಬಹುದು, ಇದು ನನಗೆ ತುಂಬಾ ದೊಡ್ಡ ವಿಷಯ. ತುರ್ತು ಸುದ್ದಿ ಬಿಟ್ಟು ಉಳಿದದ್ದಕ್ಕೆಲ್ಲ, ಅದರಲ್ಲೂ ಮಕ್ಕಳ ಚಿತ್ರ, ಕತೆಗಳಿಗೆ, ನಾನು ಕಾಗದವನ್ನೇ ಆರಿಸುತ್ತೇನೆ.